‘ತಿಳಿ’ ಎಂಬ ಅರ್ಥದ ಸ್ಲಾವಿಕ್ ಕ್ರಿಯಾಪದದ ಬೇರು ಹುಡುಕುವ ಕ್ರಮ

ರಷ್ಯನ್, ಪೋಲಿಷ್, ಚೆಕ್ ಮೊದಲಾದ ಭಾಷೆಗಳಿಗೆ ಪೂರ್ವಜವಾದ ಮೂಲ ಸ್ಲಾವಿಕ್ ಭಾಷೆಯ ಬರಹ ಯಾವುದೂ ಉಳಿದಿಲ್ಲವಾದ್ದರಿಂದ, ಅದರ ಕ್ರಿಯಾಪದವೊಂದನ್ನು ಮರಳಿ ಕಟ್ಟಬೇಕಾದರೆ ಅದರಿಂದ ಹುಟ್ಟಿದ ಭಾಷೆಗಳಿಂದಲೇ ಹೊರಡಬೇಕು. ಹಾಗೆ ಕಟ್ಟಿದ ರೂಪದ ಮುಂದೆ ನಕ್ಷತ್ರ ಚಿಹ್ನೆ ಇಡುವುದು ವಾಡಿಕೆ. ಇಲ್ಲಿ ‘ತಿಳಿದಿರು’ ಎಂಬ ಅರ್ಥದ *ವೇದೇತಿ ಎಂಬುದನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಮೊದಲು ಇಂದಿನ ರೂಪಗಳನ್ನು ಒಟ್ಟಿಗೆ ಬರೆದುಕೊಳ್ಳಿ: ಚೆಕ್ ‘ವ್ಯೆದ್ಯೆತ್’, ಪೋಲಿಷ್ ‘ವ್ಯೆಜೆಚ್’, ಸ್ಲೊವೀನ್ ‘ವೆದೇತಿ’. ರಷ್ಯನ್ನಿನಲ್ಲಿ ದಿನಬಳಕೆಯ ಸ್ಥಾನವನ್ನು ಬೇರೊಂದು ಕ್ರಿಯಾಪದ ಪಡೆದಿದ್ದು, ‘ವ್ಯೇದತ್’ ಹಳೆಯ ಛಾಯೆಯ ಮಾತಾಗಿ ಉಳಿದಿದೆ.

ಬಳಿಕ ಸ್ವರವನ್ನು ಗಮನಿಸಿ; ಕೆಲಸದ ತಿರುಳು ಇರುವುದು ಇಲ್ಲಿಯೇ. ಇದೇ ಧಾತುವಿನಿಂದ ಬಂದ ‘ಸುದ್ದಿ’ ಎಂಬ ಅರ್ಥದ ಪದ ಸರ್ಬಿಯನ್ನಿನಲ್ಲಿ ‘ವೆಸ್ತ್’, ಕ್ರೊಯೇಷಿಯನ್ನಿನಲ್ಲಿ ‘ವಿಯೆಸ್ತ್’, ಉಕ್ರೇನಿಯನ್ನಿನಲ್ಲಿ ‘ವಿಸ್ತ್’. ಎ, ಇಯೆ, ಇ ಎಂಬ ಈ ಹೊಂದಾಣಿಕೆ ಬೇರೆ ಅನೇಕ ಪದಗಳಲ್ಲಿಯೂ ಮರುಕಳಿಸುವುದರಿಂದ, ಮೂಲದಲ್ಲಿ ‘ಯಾತ್’ ಎಂಬ ಪ್ರತ್ಯೇಕ ಸ್ವರವಿತ್ತೆಂದು ಹೇಳಬಹುದು. 1918ರ ಕಾಗುಣಿತ ಸುಧಾರಣೆಯವರೆಗೆ ರಷ್ಯನ್ನಿನಲ್ಲಿ ಅದಕ್ಕೆ ಬೇರೆ ಅಕ್ಷರವೇ ಇತ್ತು. ಇಲ್ಲಿನ ‘ಸ್ತ್’ ಸಹ ನಿಯಮಬದ್ಧವಾದುದು: ‘ತ್’ ಮುಂದೆ ಬಂದಾಗ ಧಾತುವಿನ ‘ದ್’ ಸ್ಲಾವಿಕ್‌ನಲ್ಲಿ ‘ಸ್’ ಆಗುತ್ತದೆ, ಸಂಸ್ಕೃತದಲ್ಲಿಯಾದರೋ ‘ವೇತ್ತಿ’ ಎಂಬಂತೆ ‘ತ್’ ಆಗುತ್ತದೆ.

ಇನ್ನೂ ಹಿಂದಕ್ಕೆ ಹೋದರೆ, ಸ್ಲಾವಿಕ್, ಗ್ರೀಕ್, ಸಂಸ್ಕೃತ ಮೊದಲಾದವುಗಳ ಸಾಮಾನ್ಯ ಮೂಲವಾದ ಇಂಡೋ-ಯುರೋಪಿಯನ್ ಭಾಷೆಯ ಧಾತು ಸಿಗುತ್ತದೆ; ಅದರ ಸ್ವರ ರೂಪದಿಂದ ರೂಪಕ್ಕೆ ಬದಲಾಗುತ್ತಿತ್ತು. ಒಂದು ರೂಪದ ‘ಒಯ್’ ಸ್ಲಾವಿಕ್‌ನಲ್ಲಿ ಯಾತ್ ಆಗಿ *ವೇದೇತಿ ಬಂದಿತು. ಇನ್ನೊಂದು ರೂಪದ ‘ಎಯ್’ ‘ಇ’ ಆಗಿ, ‘ನೋಡು’ ಎಂಬ ಅರ್ಥದ *ವಿದೇತಿ ಬಂದಿತು. ಕಂಡವನೇ ತಿಳಿದವನು ಎಂಬ ಈ ಅರ್ಥಸಂಬಂಧ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಗ್ರೀಕಿನ ‘ಒಯ್ದ’, ಸಂಸ್ಕೃತದಲ್ಲಿ ‘ತಿಳಿದಿದ್ದಾನೆ’ ಎಂಬ ಅರ್ಥದ ‘ವೇದ’ ಇವೂ ಅದೇ ಧಾತುವಿನವು. ಕನ್ನಡದ ‘ವಿದ್ಯೆ’ ಸಂಸ್ಕೃತದ ಮೂಲಕ ಬಂದುದರಿಂದ ಈ ಬಳಗಕ್ಕೆ ಸೇರುತ್ತದೆ. ‘ಅರಿ’, ‘ತಿಳಿ’ ದ್ರಾವಿಡ ಪದಗಳಾದ್ದರಿಂದ ಸೇರುವುದಿಲ್ಲ.

ಕೊನೆಗೆ, ಧ್ವನಿಸಾಮ್ಯವನ್ನೇ ನಂಬದೆ ಪ್ರತಿಯೊಂದು ಪದವನ್ನೂ ಬಿಡಿಸಿ ನೋಡಿ. ಮಾಟಗಾತಿಯೆಂಬ ಅರ್ಥದ ರಷ್ಯನ್ ‘ವ್ಯೇದ್ಮ’ ನಿಜಕ್ಕೂ ‘ತಿಳಿದವಳು’. ಆದರೆ ಕರಡಿಯೆಂಬ ಅರ್ಥದ ‘ಮೆದ್ವೇದ್’ ಪದವನ್ನು ‘ಜೇನನ್ನು ಬಲ್ಲದ್ದು’ ಎಂದು ವಿವರಿಸುವ ಜನಪ್ರಿಯ ವ್ಯುತ್ಪತ್ತಿ ತಪ್ಪು. ಅದು ‘ಜೇನು ತಿನ್ನುವುದು’: ಜೇನು ಎಂಬ ಅರ್ಥದ ‘ಮೆದು’ವಿನ ಮುಂದೆ ‘ತಿನ್ನು’ ಎಂಬ ಅರ್ಥದ ಧಾತು ಬಂದಾಗ ‘ಉ’ ಸ್ವರವು ‘ವ’ಕಾರವಾಗಿದೆ. ಋಗ್ವೇದದ ‘ಮಧ್ವದ’ ಎಂಬ ಪದದಲ್ಲಿ ನಾವು ಯಣ್ ಸಂಧಿ ಎಂದು ಗುರುತಿಸುವುದೂ ಇದೇ ಬದಲಾವಣೆಯನ್ನು.