ಸೆಲ್ಫ್ ಕಂಪ್ಯಾಕ್ಟಿಂಗ್ ಕಾಂಕ್ರೀಟಿಗೆ ಹಾರುಬೂದಿ ಮತ್ತು ಕಲ್ಲುಪುಡಿ: ಕರಾವಳಿಯಲ್ಲಿ ಬಳಸುವ ಕ್ರಮ

ವೈಬ್ರೇಟರ್ ಇಲ್ಲದೆ, ತನ್ನ ತೂಕದಿಂದಲೇ ಕಂಬಿಗಳ ನಡುವೆ ಹರಿದು ಮೂಲೆಮೂಲೆಯನ್ನೂ ತುಂಬುವ ಈ ಕಾಂಕ್ರೀಟಿಗೆ ಘನ ಮೀಟರಿಗೆ ಸಾಮಾನ್ಯವಾಗಿ 380ರಿಂದ 600 ಕೆ.ಜಿ. ನಯವಾದ ಪುಡಿ ಬೇಕು. ಅಷ್ಟನ್ನೂ ಸಿಮೆಂಟಿನಿಂದಲೇ ತುಂಬಿದರೆ ಖರ್ಚು ಏರುವುದಲ್ಲದೆ, ಒಳಗೆ ಹುಟ್ಟುವ ಶಾಖದಿಂದ ಬಿರುಕು ಬಿಡುವ ಅಪಾಯವೂ ಇದೆ.

ಎಲ್ಲೂರಿನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿರುವ ಉಡುಪಿ ಜಿಲ್ಲೆಯಲ್ಲಿ ಸಿಮೆಂಟಿನ ಒಂದು ಭಾಗಕ್ಕೆ ಬದಲಾಗಿ ಮೊದಲು ಪರಿಗಣಿಸಬೇಕಾದದ್ದು ಹಾರುಬೂದಿ, ಅಂದರೆ ಕಲ್ಲಿದ್ದಲು ಉರಿದಾಗ ಹೊಗೆಯೊಂದಿಗೆ ಹಾರುವ ನಯವಾದ ಬೂದಿ. ಅದರ ಕಣಗಳು ದುಂಡಗಿರುವುದರಿಂದ ಹರಿವು ಸುಲಭವಾಗುತ್ತದೆ. ಆದರೆ ಹೊಂಡದ ಒದ್ದೆ ಬೂದಿ ಬೇಡವೇ ಬೇಡ. ಭಾರತೀಯ ಮಾನಕ ಐಎಸ್ 3812ರ ಮೊದಲ ಭಾಗಕ್ಕೆ ಒಪ್ಪುವ ಒಣ ಬೂದಿಯನ್ನೇ ಪರೀಕ್ಷಾ ವರದಿ ನೋಡಿ ಕೊಳ್ಳಬೇಕು. ಸುಡದೆ ಉಳಿದ ಇಂಗಾಲ ಹೆಚ್ಚಿದ್ದರೆ ಅದು ನೀರು ಹೆಚ್ಚಿಸದೆ ಹರಿವು ಕೊಡುವ ರಾಸಾಯನಿಕವಾದ ಸೂಪರ್‌ಪ್ಲಾಸ್ಟಿಸೈಸರನ್ನು ಹೀರಿಕೊಳ್ಳುತ್ತದೆ. ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ) ಸಿಮೆಂಟಿನಲ್ಲಿ ಮೊದಲೇ ಬೂದಿ ಇರುವುದರಿಂದ, ಪ್ರಮಾಣ ನಮ್ಮ ಹಿಡಿತದಲ್ಲಿರಬೇಕಾದರೆ ಒಪಿಸಿ, ಅಂದರೆ ಬೂದಿ ಬೆರೆಸದ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸುವುದೇ ಸರಿ.

ಕ್ರಷರ್‌ನ ಕಲ್ಲುಪುಡಿ ಅಗ್ಗವಾದರೂ ಅದರ ಕಣಗಳು ಚೂಪಾಗಿದ್ದು ನೀರು ಹೆಚ್ಚು ಬೇಡುತ್ತವೆ. ಅದನ್ನು 0.125 ಮಿ.ಮೀ. ಜರಡಿಯಲ್ಲಿ ಸೋಸಿ, ಮಣ್ಣಿನ ಅಂಶವಿಲ್ಲವೆಂದು ಖಚಿತಪಡಿಸಿಕೊಂಡು, ಬೂದಿಯ ಜೊತೆಗೆ ಸ್ವಲ್ಪ ಭಾಗವಾಗಿ ಮಾತ್ರ ಸೇರಿಸುವುದು ಒಳಿತು. ಎಂ-ಸ್ಯಾಂಡಿನಲ್ಲಿರುವ ಧೂಳನ್ನೂ ಪುಡಿಯ ಲೆಕ್ಕಕ್ಕೆ ಹಿಡಿಯಬೇಕು. ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಉಪ್ಪುಗಾಳಿ ನೇರವಾಗಿ ಬಡಿಯುವ ಕಡಲಂಚಿನ ಕೆಲಸಕ್ಕೆ, ಕ್ಲೋರೈಡ್ ಒಳನುಗ್ಗದಂತೆ ತಡೆಯುವ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಪುಡಿ ಇನ್ನೂ ಮೇಲು.

ಸಿಮೆಂಟಿನ ಬದಲು ಬೂದಿ ಹಾಕುವ ಲೆಕ್ಕವನ್ನು ತೂಕದಲ್ಲಲ್ಲ, ಗಾತ್ರದಲ್ಲಿ ಮಾಡಬೇಕು. 100 ಕೆ.ಜಿ. ಸಿಮೆಂಟ್ ಸುಮಾರು 32 ಲೀಟರ್ ಜಾಗ ಹಿಡಿದರೆ, ಸಾಪೇಕ್ಷ ಸಾಂದ್ರತೆ 2.2 ಇರುವ ಅಷ್ಟೇ ತೂಕದ ಬೂದಿ ಸುಮಾರು 45 ಲೀಟರ್ ಹಿಡಿಯುತ್ತದೆ. ಇದನ್ನು ಮರೆತರೆ ಮಿಶ್ರಣ ಜಿಗುಟಾಗುತ್ತದೆ.

ಶಂಕುವಿನಾಕಾರದ ಅಚ್ಚನ್ನು ಎತ್ತಿದಾಗ ಕಾಂಕ್ರೀಟ್ ಎಷ್ಟು ಅಗಲ ಹರಡುತ್ತದೆಂದು ಅಳೆಯುವ ಸ್ಲಂಪ್ ಫ್ಲೋ ಪರೀಕ್ಷೆಯಲ್ಲಿ ಸಾಧಾರಣ ಕಂಬ, ಗೋಡೆಗಳಿಗೆ 660ರಿಂದ 750 ಮಿ.ಮೀ. ಹರಡಿದರೆ ಸಾಕು. ಅಳತೆಪಟ್ಟಿ ಹಿಡಿಯುವ ಮುನ್ನ ಬಗ್ಗಿ ಅಂಚನ್ನು ನೋಡಬೇಕು: ಸುತ್ತ ತಿಳಿನೀರಿನ ಉಂಗುರ ಕಂಡರೆ, ಅಥವಾ ಜಲ್ಲಿಯೆಲ್ಲ ನಡುವೆ ರಾಶಿಯಾಗಿ ಬರಿಯ ಗಾರೆ ಮಾತ್ರ ಹೊರಗೆ ಹರಿದಿದ್ದರೆ, ಅಳತೆ ಎಷ್ಟೇ ಚೆನ್ನಾಗಿ ಬಂದರೂ ಆ ಮಿಶ್ರಣವನ್ನು ಸುರಿಯಬಾರದು. ಎಲ್ ಆಕಾರದ ಪೆಟ್ಟಿಗೆಯಲ್ಲಿ ಕಂಬಿಗಳ ನಡುವೆ ಹರಿದ ಕಾಂಕ್ರೀಟಿನ ತುದಿಯ ಎತ್ತರಕ್ಕೂ ಆರಂಭದ ಬದಿಯ ಎತ್ತರಕ್ಕೂ ಇರುವ ಎಲ್-ಬಾಕ್ಸ್ ಅನುಪಾತ 0.8ಕ್ಕಿಂತ ಕಡಿಮೆಯಾಗಬಾರದು.

ಮಳೆಗಾಲದಲ್ಲಿ ಹೊರಗೆ ಬಿದ್ದ ಮರಳು ಗಂಟೆಗಂಟೆಗೂ ತೇವ ಬದಲಿಸುವುದರಿಂದ ಪ್ರತಿ ಬ್ಯಾಚಿಗೂ ನೀರನ್ನು ತಿದ್ದಬೇಕು. ಹರಿಯುವ ಕಾಂಕ್ರೀಟ್ ಅಚ್ಚಿನ ಬುಡಕ್ಕೆ ದ್ರವದಂತೆಯೇ ಪೂರ್ತಿ ಒತ್ತಡ ಹಾಕುತ್ತದೆಯಾದ್ದರಿಂದ ಶಟರಿಂಗಿನ ಸಂದುಗಳನ್ನು ಮುಚ್ಚಿ, ಆಧಾರಗಳನ್ನು ಬಿಗಿಗೊಳಿಸಿರಬೇಕು. ಬೂದಿ ಬೆರೆತ ಕಾಂಕ್ರೀಟ್ ನಿಧಾನವಾಗಿ ಬಲಗೊಳ್ಳುವುದರಿಂದ ಕನಿಷ್ಠ 10 ದಿನ ಕ್ಯೂರಿಂಗ್ ಮಾಡಬೇಕು.