ಊರಿಗೆ ಹೋದಾಗ ಬಾಯಿಗೆ ಸ್ವಲ್ಪ ಬ್ರೇಕ್ ಇರ್ಲಿ
ಸಿಟೀಲಿ ಬೆಳೆದೋರಿಗೆ ಒಂದ್ ಟಿಪ್. ಹಿರಿಯರು ಚಪ್ಪಲಿ ಹಾಕ್ಕೊಂಡು ಹೊಸ್ತಿಲು ದಾಟ್ತಿರೋವಾಗ "ಎಲ್ಲಿಗೆ?" ಅಂತ ಮಾತ್ರ ಕೇಳ್ಬೇಡಿ, ಅದು ಅಪಶಕುನ ಅಂತಾರೆ. ನಮ್ಮಜ್ಜಿ ಆ ಒಂದ್ ಪದಕ್ಕೆ ವಾಪಸ್ ಬಂದು ಕೂತು ನೀರು ಕುಡಿದು ನನಗೆ ಬೈದು ಆಮೇಲೇ ಹೊರಟಿದ್ದು, ಬಸ್ಸೂ ಮಿಸ್ಸಾಯ್ತು. ಕೇಳ್ಲೇಬೇಕಂದ್ರೆ "ದೂರ ಹೊರಟ್ರಾ?" ಅನ್ನಿ ಸಾಕು, ಉತ್ತರ ಅದೇ ಸಿಗತ್ತೆ. ನೀವು ಹೊರಡೋವಾಗ "ಹೋಗ್ತೀನಿ" ಅಲ್ಲ, "ಹೋಗಿ ಬರ್ತೀನಿ" ಅನ್ಬೇಕು. ದೇವರ ದೀಪ "ಆರಿಸ್ಲಾ" ಅಂದ್ರೂ ಮುಖ ಸಿಂಡರಿಸ್ತಾರೆ, "ಶಾಂತ ಮಾಡ್ಲಾ" ಅನ್ನಿ. ನಂಬ್ತೀರೋ ಬಿಡ್ತೀರೋ ಅದು ಬೇರೆ ವಿಷ್ಯ (ನಾನಂತೂ ನಂಬಲ್ಲ), ಆದ್ರೆ ಪದ ಬದಲಾಯಿಸೋಕೆ ಕಾಸೇನ್ ಖರ್ಚಾಗಲ್ವಲ್ಲ. ಮಕ್ಕಳಿಗೆ ಕಾರಲ್ಲೇ ಹೇಳ್ಕೊಟ್ಟು ಕರ್ಕೊಂಡ್ಹೋಗಿ, ಅವ್ರೇ ಫಸ್ಟ್ ಕೇಳೋದು "ತಾತ ಎಲ್ಲಿಗೆ?" ಅಂತ.