ಶೀತಾಳ ಮಾತಿಗೆ ಕನ್ನಡ ಹುಡುಕಿದ ಬಗೆ

ಒಂಬತ್ತು ವರ್ಷದ ನನ್ನ ತಂಗಿಯ ಮಗಳು ಜಪಾನೀ ದನಿಗಳನ್ನೇ ಕೇಳುತ್ತ ಕನ್ನಡದಲ್ಲಿ ಕಥೆ ಓದಿಕೊಳ್ಳಲಿ ಎಂಬ ಆಸೆಯಿಂದ, ಹಯಾವೊ ಮಿಯಾಜಾಕಿ 1986ರಲ್ಲಿ ನಿರ್ದೇಶಿಸಿದ ‘ಆಕಾಶದ ಕೋಟೆ ಲಾಪ್ಯುತಾ’ ಎಂಬ ಜಪಾನೀ ಅನಿಮೇಷನ್ ಚಿತ್ರಕ್ಕೆ ನಾನು ಮನೆಯ ಮಟ್ಟಿಗೆ ಸಬ್‌ಟೈಟಲ್ ಬರೆದೆ. ಚಿತ್ರ 124 ನಿಮಿಷದ್ದು. ನನಗೆ ಹಿಡಿದದ್ದು ಎರಡು ತಿಂಗಳ ರಾತ್ರಿಗಳು.

ಮೊದಲ ತೊಡಕು ನಾಯಕಿಯ ಹೆಸರಿನಲ್ಲೇ ಬಂತು. ಜಪಾನೀ ಉಚ್ಚಾರಕ್ಕೆ ಹತ್ತಿರವಾದದ್ದು ‘ಶೀತಾ’. “ದೊಡ್ಡಮ್ಮ, ಇವಳಿಗೆ ಶೀತ ಅಂತ ಯಾಕೆ ಹೆಸರಿಟ್ಟರು?” ಎಂದು ಮಗು ಕೇಳಿದಾಗ ‘ಸೀತಾ’ ಎಂದು ತಿದ್ದುವ ಮನಸ್ಸಾಯಿತು. ಆದರೆ ಆ ಹೆಸರು ಬಂದೊಡನೆ ನಮ್ಮ ಮನಸ್ಸು ಇನ್ನೊಂದು ಕಥೆಗೆ ಹೋಗಿಬಿಡುತ್ತದೆ ಎಂದು ‘ಶೀತಾ’ ಎಂದೇ ಉಳಿಸಿದೆ.

ಶೀತಾ ಲಾಪ್ಯುತಾದ ರಾಜವಂಶದ ಕೊನೆಯ ಕುಡಿಗಳಲ್ಲಿ ಒಬ್ಬಳು. ಅವಳನ್ನು ಬೆನ್ನಟ್ಟುವ ಮುಸ್ಕಾ ಕೂಡ ಅದೇ ವಂಶದವನು. ಅವಳಿಗೆ ಬಂದ ಬಳುವಳಿ ಒಂದು ಹಾರುವ ಕಲ್ಲು, ಒಂದು ಗುಟ್ಟಿನ ಹೆಸರು ಮತ್ತು ಅಜ್ಜಿ ಕಲಿಸಿದ ಮಂತ್ರಗಳು. ಒಳ್ಳೆಯ ಮಂತ್ರಕ್ಕೆ ಬಲ ಬರಬೇಕಾದರೆ ಕೆಟ್ಟದ್ದೂ ತಿಳಿದಿರಬೇಕು, ಆದರೆ ಅದನ್ನು ಎಂದಿಗೂ ಬಳಸಬಾರದು ಎಂದು ಅಜ್ಜಿ ಹೇಳಿದ್ದನ್ನು ಅವಳು ರಾತ್ರಿಯ ಆಕಾಶದಲ್ಲಿ, ಹಾರುವ ಹಡಗಿಗೆ ಕಟ್ಟಿದ ಕಾವಲಿನ ಗಾಳಿಪಟದಲ್ಲಿ ಕುಳಿತು, ತನಗೆ ಜೊತೆಯಾದ ಹುಡುಗ ಪಾಜುವಿಗೆ ತಿಳಿಸುತ್ತಾಳೆ. ಈ ದೃಶ್ಯವನ್ನು ನಾನು ನಾಲ್ಕು ಬಾರಿ ತಿದ್ದಿ ಬರೆದೆ. ‘ಶಾಪ’, ‘ಕರ್ಮ’ ಎಂಬ ಪದಗಳು ಕೈಗೆ ಸುಲಭವಾಗಿ ಸಿಗುತ್ತಿದ್ದವು, ಎರಡನ್ನೂ ಬಿಟ್ಟೆ. ಶಾಪವಾಗಿದ್ದರೆ ಯಾರೋ ಬಂದು ವಿಮೋಚನೆ ಮಾಡಬೇಕಾಗುತ್ತಿತ್ತು. ಇವಳಿಗೆ ಬಂದಿರುವುದು ತಿಳಿವಳಿಕೆ. ಅದನ್ನು ಏನು ಮಾಡಬೇಕೆಂದು ಇವಳೇ ನಿರ್ಧರಿಸಬೇಕು.

ಮುಸ್ಕಾ ಕೋಟೆಯ ಅಸ್ತ್ರದಿಂದ ಸಮುದ್ರದ ಮೇಲೆ ಸ್ಫೋಟ ನಡೆಸಿ, ಇದನ್ನೇ ರಾಮಾಯಣ ಇಂದ್ರನ ಬಾಣ ಎನ್ನುತ್ತದೆ ಎಂದು ಬೀಗುತ್ತಾನೆ. ಲಕ್ಷ್ಮಣ ಇಂದ್ರಜಿತುವನ್ನು ಕೊಂದ ‘ಐಂದ್ರಾಸ್ತ್ರ’ವನ್ನು ಅಲ್ಲಿಗೆ ತರಬಹುದಿತ್ತು. ನಮ್ಮ ಕಿವಿಯಲ್ಲಿ ಆ ಪದಕ್ಕಿರುವ ಗೌರವ ಅವನ ಕ್ರೌರ್ಯಕ್ಕೆ ಸಲ್ಲಬಾರದೆಂದು ‘ಇಂದ್ರನ ಬಾಣ’ ಎಂದಷ್ಟೇ ಬರೆದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಸಿಂಹಾಸನದ ಕೋಣೆಯ ದೃಶ್ಯ. ಇದು ಸಿಂಹಾಸನವಲ್ಲ, ನಮ್ಮಿಬ್ಬರ ಗೋರಿ ಎಂದು ಶೀತಾ ಮುಸ್ಕಾನಿಗೆ ಹೇಳುತ್ತಾಳೆ. ಎಂಥ ಅಸ್ತ್ರಗಳಿದ್ದರೂ ಮಣ್ಣನ್ನು ಬಿಟ್ಟು ಬದುಕಲಾಗದು ಎನ್ನುತ್ತಾಳೆ. ಅಲ್ಲಿ ಅವಳು ಬಳಸುವ ‘ಅನಾತಾ’ ಎಂಬ ಸಂಬೋಧನೆ ನಮ್ಮ ‘ನೀನು’, ‘ನೀವು’ ಎರಡರಲ್ಲಿ ಯಾವುದಕ್ಕೂ ಪೂರ್ತಿ ಹೊಂದುವುದಿಲ್ಲ. ಸೆರೆಯಲ್ಲಿದ್ದಾಗ, ಪಾಜುವನ್ನು ಬಿಡಿಸಲು ಅವಳು ಮುಸ್ಕಾನಿಗೆ ತಲೆಬಾಗುವ ಕಡೆ ‘ನೀವು’ ಎಂದೇ ಇಟ್ಟಿದ್ದೆ. ಇಲ್ಲಿ ಮೊದಲ ಬಾರಿಗೆ ‘ನೀನು’ ಎಂದು ಬದಲಿಸಿದೆ. ಮುಸ್ಕಾ ಗುಂಡು ಹಾರಿಸಿ ಅವಳ ಎರಡೂ ಜಡೆಗಳನ್ನು ಕತ್ತರಿಸುವುದು ಈ ಮಾತಿನ ನಂತರವೇ. ಜಡೆ ಹೋದರೂ ಅವಳು ಕಲ್ಲನ್ನು ಅವನಿಗೆ ಒಪ್ಪಿಸುವುದಿಲ್ಲ.

ಕೊನೆಗೆ ಪಾಜುವಿನೊಡನೆ ಕಲ್ಲು ಹಿಡಿದು ಅವಳು ವಿನಾಶದ ಮಂತ್ರವನ್ನು ನುಡಿಯುತ್ತಾಳೆ: ‘ಬರುಸು’. ಅದಕ್ಕೆ ‘ಅಳಿದುಹೋಗಲಿ’ ಎಂಬ ಅರ್ಥ ಬರೆದು ಅಳಿಸಿದೆ. ಮೂಲದ ಮೂರು ಅಕ್ಷರಗಳನ್ನೇ ಉಳಿಸಿದೆ. ಚಿತ್ರ ನೋಡುವಾಗ ತಂಗಿಯ ಮಗಳು ಆ ಸಾಲನ್ನು ಓದಲೇ ಇಲ್ಲ. ಶೀತಾಳ ಜೊತೆಯಲ್ಲೇ ಅದನ್ನು ಮೆಲ್ಲಗೆ ಹೇಳಿದಳು.